ಸೋರುವ ಕಿವಿಗೆ ಅರಿವೆಯ ಬತ್ತಿ

ಗೋವಾದ ವಾಸ್ಕೊದಲ್ಲಿ ವೈದ್ಯವೃತ್ತಿಯಲ್ಲಿರುವ ನಾನು ನೋಡುವ ಮಕ್ಕಳಲ್ಲಿ ಕನ್ನಡ ಮಾತಿನವರೇ ಬಹಳ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ಬೈನಾ, ಜುವಾರಿನಗರಗಳಲ್ಲಿ ನೆಲೆ ನಿಂತ ಮನೆಗಳವರು. ಮಗುವಿಗೆ ಗಂಟಲು ಬಾತರೆ, ಕಿವಿ ನೋವೆಂದು ರಾತ್ರಿಯಿಡೀ ಅತ್ತರೆ ಬೆಳಗಾಗುವುದರೊಳಗೆ ಎತ್ತಿಕೊಂಡು ಬರುತ್ತಾರೆ. ಕಿವಿ ಸೋರಿದರೆ ಮಾತ್ರ ಬರುವುದಿಲ್ಲ. ಏಕೆಂದರೆ ಸೋರುವ ಕಿವಿ ಸಾಮಾನ್ಯವಾಗಿ ನೋಯುವುದಿಲ್ಲ. ನೆಗಡಿಗೆಂದು ಕರೆತಂದ ಮಗುವಿನ ಕಿವಿಯನ್ನು ನಾನಾಗಿಯೇ ನೋಡಿ, ಎಷ್ಟು ದಿನದಿಂದ ಸೋರುತ್ತಿದೆ ಎಂದು ಕೇಳಬೇಕು. ಸಣ್ಣವನಿದ್ದಾಗಿನಿಂದಲೂ ಹಾಗೇ ಇದೆ, ದೊಡ್ಡವನಾದ ಮೇಲೆ ತಾನಾಗಿ ನಿಲ್ಲುತ್ತದೆ ಎನ್ನುತ್ತಾರೆ. ಎಷ್ಟೋ ಮಕ್ಕಳಿಗೆ ಅದು ನಿಲ್ಲುವುದಿಲ್ಲ, ನಿಲ್ಲುವ ಹೊತ್ತಿಗೆ ಕೇಳುವ ಶಕ್ತಿ ಕುಂದಿರುತ್ತದೆ. ಅದಕ್ಕೇ ಈ ಒಂದು ಕಾಯಿಲೆಯ ಹಿಂದೆ ನಾನು ಹಟ ಹಿಡಿದು ಬಿದ್ದಿದ್ದೇನೆ.

ಶುರುವಾಗುವುದು ಮೂಗಿನಿಂದ. ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಗಾಳಿಯಾಡುವ ಒಂದು ನಾಳವಿದೆ. ದೊಡ್ಡವರಲ್ಲಿ ಅದು ಸುಮಾರು 35 ಮಿಲಿಮೀಟರ್ ಉದ್ದವಿದ್ದು ಚೆನ್ನಾಗಿ ಇಳಿಜಾರಾಗಿರುತ್ತದೆ. ಕೂಸಿನಲ್ಲಿ ಅದರ ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡಲಾಗಿಯೇ ಇರುತ್ತದೆ. ಹೀಗಾಗಿ ನೆಗಡಿಯ ಸೋಂಕು ಕಿವಿಗೆ ಹೋಗುವುದು ಸುಲಭ. ಒಳಗೆ ಕೀವು ತುಂಬಿ ಕಿವಿಯ ತಮಟೆಯನ್ನು, ಅಂದರೆ ಮಧ್ಯಕಿವಿಯ ಹೊರಬದಿಯ ತೆಳು ಪೊರೆಯನ್ನು, ಒತ್ತಿದಾಗ ವಿಪರೀತ ನೋವು. ತಮಟೆ ತೂತಾಗಿ ಕೀವು ಹೊರಬಂದ ಕೂಡಲೇ ನೋವು ಇಳಿಯುತ್ತದೆ, ಮಗು ಮಲಗುತ್ತದೆ, ತಾಯಿಗೆ ಸಮಾಧಾನವಾಗುತ್ತದೆ. ಆ ಸಣ್ಣ ತೂತು ಬಹಳ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆದರೆ ಮೇಲಿಂದ ಮೇಲೆ ನೆಗಡಿಯಾಗುತ್ತಿದ್ದರೆ, ಸ್ನಾನದ ನೀರು, ಎಣ್ಣೆ ಎಲ್ಲವೂ ಒಳಗೆ ಇಳಿಯುತ್ತಿದ್ದರೆ ತೂತು ತೆರೆದೇ ಉಳಿಯುತ್ತದೆ. ಎರಡು ವಾರ ದಾಟಿಯೂ ಸೋರುತ್ತಿದ್ದರೆ ಅದನ್ನು ದೀರ್ಘಕಾಲದ ಸೋರಿಕೆಯೆಂದೇ ಹಿಡಿದು ಚಿಕಿತ್ಸೆ ಶುರು ಮಾಡುತ್ತೇನೆ.

ಮೊದಲು ಕಿವಿ ನೋಡಬೇಕಲ್ಲ, ಅದೇ ಅರ್ಧ ಕೆಲಸ. ಮಗುವನ್ನು ತಾಯಿಯ ತೊಡೆಯ ಮೇಲೆ ಪಕ್ಕಕ್ಕೆ ತಿರುಗಿಸಿ ಕೂರಿಸುತ್ತೇನೆ. ತಾಯಿಯ ಒಂದು ಕೈ ಮಗುವಿನ ತಲೆಯನ್ನು ಎದೆಗೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈ ಮಗುವಿನ ಎರಡೂ ತೋಳುಗಳನ್ನು ಬಳಸಬೇಕು. ಕಿವಿ ನೋಡುವ ಉಪಕರಣದ ಬೆಳಕನ್ನು ಮೊದಲು ಮಗುವಿನ ಅಂಗೈ ಮೇಲೆ ಬಿಡುತ್ತೇನೆ, ಹೆದರಿಕೆ ಸ್ವಲ್ಪ ಇಳಿಯುತ್ತದೆ. ಚೆನ್ನಾಗಿರುವ ಕಿವಿ ಮೊದಲು, ಸೋರುವ ಕಿವಿ ಆಮೇಲೆ. ಚಿಕ್ಕ ಮಕ್ಕಳ ಕಿವಿಯ ಹಾಲೆಯನ್ನು ಹಿಂದಕ್ಕೆ, ಕೆಳಕ್ಕೆ ಎಳೆದರೆ ದಾರಿ ನೇರವಾಗುತ್ತದೆ, ದೊಡ್ಡ ಮಕ್ಕಳಲ್ಲಿ ಹಿಂದಕ್ಕೆ, ಮೇಲಕ್ಕೆ. ನನ್ನ ಕಿರುಬೆರಳು ಮಗುವಿನ ಕೆನ್ನೆಗೆ ಆತುಕೊಂಡಿರುತ್ತದೆ. ಮಗು ತಲೆ ಕೊಸರಿದರೆ ಕೈಯೂ ಅದರ ಜೊತೆಗೇ ಸರಿಯುತ್ತದೆ, ಒಳಗೆ ಚುಚ್ಚುವುದಿಲ್ಲ. ಗಂಟಲು ಕಟ್ಟಕಡೆಗೆ. ನಾಲಿಗೆ ಒತ್ತುವ ಪಟ್ಟಿ ಬಾಯಿಗೆ ಹೋಯಿತೆಂದರೆ ಆ ದಿನದ ಸ್ನೇಹ ಮುಗಿಯಿತು.

ಇನ್ನು ಬತ್ತಿ. ಕೀವು ತುಂಬಿದ ಕಿವಿಗೆ ಎಷ್ಟು ದುಬಾರಿ ಔಷಧಿ ಬಿಟ್ಟರೂ ಅದು ಕೀವಿನ ಮೇಲೆಯೇ ನಿಲ್ಲುತ್ತದೆ, ಮುಟ್ಟಬೇಕಾದ ಜಾಗವನ್ನು ಮುಟ್ಟುವುದಿಲ್ಲ. ಮೊದಲು ಕಿವಿ ಒಣಗಬೇಕು. ಒಣಗಿಸುವ ಕೆಲಸ ದಿನಕ್ಕೆ ಮೂರು ಬಾರಿಯಾದರೂ ನಡೆಯಬೇಕಾದ್ದರಿಂದ ಅದು ತಾಯಿಯ ಕೈಯಲ್ಲೇ ಆಗಬೇಕು. ಹಳೆಯ ಹತ್ತಿ ಧೋತರದ ಅಥವಾ ಸೀರೆಯ ತುಂಡನ್ನು ಕುದಿಸಿ ಒಣಗಿಸಿ ತರಲು ಹೇಳುತ್ತೇನೆ. ಪಾಲಿಯೆಸ್ಟರ್ ಬೇಡ, ಅದು ತೇವ ಹೀರುವುದಿಲ್ಲ. ಚಿಕ್ಕ ಚೌಕವಾಗಿ ಹರಿದು, ಒಂದು ಮೂಲೆಯಿಂದ ದೀಪದ ಬತ್ತಿಯಂತೆ ಹೊಸೆಯಬೇಕು. ಇದನ್ನು ನಾನು ಯಾರಿಗೂ ಕಲಿಸಬೇಕಾಗಿ ಬಂದಿಲ್ಲ, ಆ ಬೆರಳುಗಳಿಗೆ ಅದು ಗೊತ್ತೇ ಇದೆ. ಹೊಸೆದ ತುದಿಯನ್ನು ಕಿವಿಯೊಳಗೆ ಮೆಲ್ಲಗೆ ಬಿಟ್ಟು, ತಡೆದಲ್ಲಿಗೆ ನಿಲ್ಲಿಸಿ, ಒಂದು ನಿಮಿಷದಷ್ಟು ಹೊತ್ತು ಬಿಡಬೇಕು. ಹೊರಗೆಳೆದಾಗ ತುದಿ ಹಳದಿಯಾಗಿ ಒದ್ದೆಯಾಗಿರುತ್ತದೆ. ಅದನ್ನು ಎಸೆದು ಹೊಸದು. ಬತ್ತಿ ಒಣದಾಗಿ ಹೊರಬರುವವರೆಗೂ ಹೀಗೇ. ಬೆಂಕಿಕಡ್ಡಿ, ಹೇರ್‌ಪಿನ್, ಇಯರ್ ಬಡ್ ಯಾವುದೂ ಕಿವಿಯ ಹತ್ತಿರ ಸುಳಿಯಕೂಡದು. ಬತ್ತಿಯನ್ನಾಗಲಿ ಹತ್ತಿಯನ್ನಾಗಲಿ ಕಿವಿಯಲ್ಲೇ ತುರುಕಿ ಬಿಡುವುದೂ ಬೇಡ.

ಒಣಗಿದ ಮೇಲೆ ಔಷಧಿ. ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಹನಿಗಳನ್ನು ಎರಡು ವಾರಕ್ಕೆ ಬರೆಯುತ್ತೇನೆ. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣಗಿನ ಹನಿ ಒಳಗೆ ಹೋದರೆ ಮಗುವಿಗೆ ತಲೆ ಸುತ್ತುತ್ತದೆ, ಮರುದಿನ ಸೀಸೆ ಕಂಡರೇ ಓಡುತ್ತದೆ. ಹನಿ ಬಿಟ್ಟು, ಕಿವಿಯ ಬಾಯಿಯ ಮುಂದಿರುವ ಪುಟ್ಟ ಗುಬಟನ್ನು ನಾಲ್ಕಾರು ಸಲ ಒತ್ತಿ ಬಿಟ್ಟರೆ ಔಷಧಿ ಒಳಗಿಳಿಯುತ್ತದೆ. ಐದು ನಿಮಿಷ ಆ ಕಿವಿ ಮೇಲಾಗಿರುವಂತೆ ಮಗ್ಗುಲಾಗಿ ಮಲಗಿರಲಿ. ಪಕ್ಕದ ಮನೆಯವರ ಸೀಸೆಯನ್ನು ತಂದು ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಾದ ತಮಟೆಯ ಮೂಲಕ ಒಳಕಿವಿಗೆ ಹೋಗಿ ಶಬ್ದ ಗ್ರಹಿಸುವ ಜೀವಕೋಶಗಳಿಗೇ ಹಾನಿ ಮಾಡಬಲ್ಲವು. ಇಷ್ಟೆಲ್ಲ ಹೇಳಿದ ಮೇಲೂ ನಾನು ಬಿಡುವುದಿಲ್ಲ: ತಾಯಿ ನನ್ನೆದುರಿಗೇ ಒಮ್ಮೆ ಬತ್ತಿ ಹಾಕಿ, ಹನಿ ಬಿಟ್ಟು ತೋರಿಸಬೇಕು.

ಮಳೆಗಾಲ ಬಂತೆಂದರೆ ಕಷ್ಟ ಬೇರೆ. ಜುಲೈನಲ್ಲಿ ಇಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಬತ್ತಿಯ ಅರಿವೆ ಎಲ್ಲಿಂದ ಒಣಗಬೇಕು? ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಲು ಹೇಳುತ್ತೇನೆ, ಇಲ್ಲದಿದ್ದರೆ ಗಟ್ಟಿಯಾದ ಟಿಶ್ಯೂ ಕಾಗದವೂ ಆದೀತು. ಆ ತಿಂಗಳುಗಳಲ್ಲಿ ಕಿವಿಯಲ್ಲಿ ಬೂಸ್ಟು ಕಟ್ಟುವುದೂ ಹೆಚ್ಚು. ಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದರಂತೂ ಕೇಳುವುದೇ ಬೇಡ. ಅಜ್ಜಿಯರಿಗೆ ಎಣ್ಣೆಯ ಮೇಲಿನ ನಂಬಿಕೆ ದೊಡ್ಡದು, ಅದರಲ್ಲಿ ಮೊಮ್ಮಗುವಿನ ಮೇಲಿನ ಪ್ರೀತಿಯೇ ಇದೆ, ಹಾಗಾಗಿ ನಾನು ಅವರನ್ನು ಗದರುವುದಿಲ್ಲ. ಎಂದೂ ಸೋರದ ಕಿವಿಗೆ ಜೀವಂತ ಹುಳು ಹೊಕ್ಕರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕರೆತನ್ನಿ, ಉಳಿದಂತೆ ಎಣ್ಣೆ ನೆತ್ತಿಗಿರಲಿ ಎನ್ನುತ್ತೇನೆ. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟು, ಸ್ನಾನವಾದ ಕೂಡಲೇ ತೆಗೆಯಬೇಕು. ಕಿವಿ ಒಣಗುವವರೆಗೆ ಬೈನಾ ಸಮುದ್ರದಲ್ಲಿ ಮುಳುಗಾಟವೂ ಇಲ್ಲ.

ಕಿವಿ ಒಣಗಿಸಿ ಮೂಗನ್ನು ಮರೆತರೆ ಮುಂದಿನ ನೆಗಡಿಗೆ ಮತ್ತೆ ಸೋರುತ್ತದೆ. ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ಎಂದು ಕೇಳುತ್ತೇನೆ. ಮೂರರಿಂದ ಏಳು ವರ್ಷದವರೆಗೆ ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಮೆತ್ತನೆಯ ಗಡ್ಡೆ ದೊಡ್ಡದಾಗಿರುವ ಕಾಲ, ಅದು ನಾಳದ ಬಾಯಿಯನ್ನೇ ಒತ್ತಬಹುದು. ಒಲೆಯ ಹೊಗೆ, ಮನೆಯೊಳಗಿನ ಬೀಡಿ, ಮಲಗಿಸಿ ಬಾಟಲಿ ಹಾಲು ಕುಡಿಸುವುದು, ಇವೂ ಕಿವಿಯ ಶತ್ರುಗಳೇ. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಅದು ನೆಗಡಿಯಲ್ಲ, ಹುಣಸೆಬೀಜವೋ ಮಣಿಯೋ ಒಳಗಿದೆ ಎಂದೇ ನೋಡಬೇಕು. ಆಟಿಕೆಯ ಬಟನ್ ಸೆಲ್, ಅಂದರೆ ಗುಂಡಿಯಂಥ ಪುಟ್ಟ ಬ್ಯಾಟರಿ, ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಮೂಗಿನ ಒಳಗೋಡೆಯನ್ನು ಸುಡುತ್ತದೆ, ಮರುದಿನಕ್ಕೆಂದು ಕಾಯುವ ಮಾತೇ ಇಲ್ಲ.

ಸೋರಿಕೆ ನಿಂತ ಮೇಲೆ ಕೇಳುವ ಶಕ್ತಿ ಎಷ್ಟಿದೆ ಎಂದು ತಿಳಿಯಬೇಕು. ಮಗುವಿನ ಹಿಂದೆ ಒಂದು ತೋಳಿನ ದೂರದಲ್ಲಿ ನಿಂತು, ಇನ್ನೊಂದು ಕಿವಿಯನ್ನು ಮುಚ್ಚಿ, ರೊಟ್ಟಿ, ಚಂಡು, ಬಸ್ಸು, ಅಕ್ಕ ಎಂದು ಪಿಸುಗುಟ್ಟಿ, ತಿರುಗಿ ಹೇಳಲು ಕೇಳುತ್ತೇನೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿದ ಮಗುವನ್ನು ಕೊಂಕಣಿ, ಇಂಗ್ಲಿಷ್ ಪದಗಳಿಂದ ಪರೀಕ್ಷಿಸಿದರೆ ಕಿವುಡೋ ಭಾಷೆ ಬಾರದ್ದೋ ತಿಳಿಯುವುದಿಲ್ಲ. ತಪ್ಪು ಕಂಡರೆ ಆಡಿಯೊಮೆಟ್ರಿ, ಅಂದರೆ ಯಂತ್ರದಿಂದ ಕೇಳುವ ಶಕ್ತಿಯನ್ನು ಅಳೆಯುವ ಪರೀಕ್ಷೆ. ಜೊತೆಗೆ ಮಗುವನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ತಮ್ಮ ಕಡೆಗಿರುವಂತೆ ಕೂರಿಸಿ ಎಂದು ಶಿಕ್ಷಕರಿಗೆ ಒಂದು ಚೀಟಿ.

ಬತ್ತಿಗೆ ಬಗ್ಗದ ಕಿವಿಗಳೂ ಇವೆ. ಸೋರುವುದು ಸ್ವಲ್ಪವೇ ಆದರೂ ಕೊಳೆತ ವಾಸನೆ ಇದ್ದರೆ, ಆಗಾಗ ರಕ್ತ ಕಂಡರೆ, ತೂತು ತಮಟೆಯ ಮೇಲಂಚಿನಲ್ಲಿದ್ದರೆ ಅದು ಎಲುಬನ್ನು ತಿನ್ನುವ ಬಗೆ. ಅಂಥ ಮಕ್ಕಳನ್ನು ಶಸ್ತ್ರಚಿಕಿತ್ಸೆಗೆಂದು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಕಳಿಸುತ್ತೇನೆ. ಕಿವಿಯ ಹಿಂದೆ ಬಾವು, ಮುಖ ಒಂದು ಕಡೆಗೆ ವಾಲುವುದು, ಜ್ವರದೊಂದಿಗೆ ತಲೆನೋವು, ವಾಂತಿ ಇದ್ದರೆ ಅದೇ ದಿನ. ನಡುವೆ ಜಾತ್ರೆಗೋ ಯುಗಾದಿಗೋ ಊರಿಗೆ ಹೊರಟವರಿಗೆ ಬತ್ತಿ ಹಾಕುವ ಕ್ರಮ, ಹನಿಗಳ ಹೆಸರು, ಯಾವ ಕಿವಿ, ತೂತು ಎಲ್ಲಿ ಎಂಬುದನ್ನು ಕನ್ನಡದಲ್ಲೇ ಬರೆದು ಕೊಡುತ್ತೇನೆ. ಅಲ್ಲಿಯ ತಾಲ್ಲೂಕು ಆಸ್ಪತ್ರೆಯ ವೈದ್ಯರು ಅದನ್ನು ನೋಡಿ ಮುಂದುವರಿಸಬಹುದು.