ರಾತ್ರಿಯ ಆಟ, ಹಗಲುವೇಷ

ನಾನು ತೆಗೆದ ಮೊದಲ ಯಕ್ಷಗಾನದ ಚಿತ್ರಗಳನ್ನು ಮುದ್ರಿಸಿ, ಬಣ್ಣದ ವೇಷ (ರಾಕ್ಷಸ ಪಾತ್ರಗಳು) ಮಾಡುವ ಹಿರಿಯ ಕಲಾವಿದರೊಬ್ಬರಿಗೆ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕೊಟ್ಟಾಗ ಅವರು ಅವನ್ನು ಬಲ್ಬಿನ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, "ಇದೆಂತ ಮಾರಾಯ್ರೆ, ರಾತ್ರಿಯ ಆಟವನ್ನು ಹಗಲುವೇಷ ಮಾಡಿದ್ದೀರಲ್ಲ!" ಎಂದು ನಕ್ಕರು. ಅದರಲ್ಲಿ ಕುಹಕವಿರಲಿಲ್ಲ, ಇದ್ದುದನ್ನೇ ಹೇಳಿದ್ದರು. ರಂಗಸ್ಥಳದ ಹಿಂದಿನ ಕತ್ತಲು ಬೂದಿಬಣ್ಣಕ್ಕೆ ತಿರುಗಿತ್ತು, ಕಿರೀಟದ ಮಣಿಗಳೆಲ್ಲ ಬಿಳಿಯ ಮಚ್ಚೆಗಳಾಗಿದ್ದವು, ಮೂರ್ನಾಲ್ಕು ಗಂಟೆ ಕುಳಿತು ಮುಖದ ಮೇಲೆ ಒಂದೊಂದಾಗಿ ಇಟ್ಟ, ಬಿಳಿ ಮುಳ್ಳುಗಳಂತಹ ಚುಟ್ಟಿಯ ಸಾಲುಗಳು ಸುಣ್ಣ ಬಳಿದ ಗೋಡೆಯಂತೆ ಒಂದಾಗಿ ಹೋಗಿದ್ದವು.

ಕ್ಯಾಮೆರಾ ಕೆಟ್ಟಿರಲಿಲ್ಲ. ತನಗೆ ಕಲಿಸಿದ್ದನ್ನು ಅದು ನಿಷ್ಠೆಯಿಂದ ಮಾಡಿತ್ತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ತನ್ನ ಮುಂದಿರುವುದು ಕರಿಯ ಪರದೆಯೋ ಬಿಳಿಯ ಪಂಚೆಯೋ ತಿಳಿಯದು. ಕಂಡದ್ದೆಲ್ಲವನ್ನೂ ಸರಾಸರಿ ಮಾಡಿ, ಸುಮಾರು ಶೇ. 18ರಷ್ಟು ಬೆಳಕನ್ನು ಹಿಂತಿರುಗಿಸುವ ನಡುಬೂದು ಬಣ್ಣದ ಹತ್ತಿರಕ್ಕೆ ತರುವುದಷ್ಟೇ ಅದರ ಕೆಲಸ. ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲೆಯಿದ್ದರೆ ಆ ಕತ್ತಲೆಯನ್ನು ಬೂದು ಮಾಡಲು ಅದು ಬೆಳಕನ್ನು ಸುರಿಯುತ್ತದೆ, ಉಳಿದ ಕಾಲು ಭಾಗದಲ್ಲಿರುವ ವೇಷ ಅದರಲ್ಲಿ ಕರಗಿಹೋಗುತ್ತದೆ. ಎಷ್ಟು ಕತ್ತಲೆಯನ್ನು ಕತ್ತಲೆಯಾಗಿಯೇ ಬಿಡಬೇಕು ಎಂಬ ನಿರ್ಧಾರವನ್ನು ನಾನು ಯಂತ್ರಕ್ಕೆ ಒಪ್ಪಿಸಿದ್ದೆ. ಅದನ್ನು ಹಿಂದಕ್ಕೆ ಪಡೆಯಲು ನನಗೆ ಸುಮಾರು ಎರಡು ತಿರುಗಾಟಗಳ (ಮೇಳದ ವಾರ್ಷಿಕ ಆಟದ ಋತುಗಳ) ಕಾಲ ಬೇಕಾಯಿತು.

ಮೊದಲು ಬದಲಾಯಿಸಿದ್ದು ಅಳೆಯುವ ರೀತಿಯನ್ನು. ಇಡೀ ಚೌಕಟ್ಟನ್ನು ಅಳೆಯುವ ಬದಲು ಸ್ಪಾಟ್ ಮೀಟರಿಂಗ್ ಆಯ್ದುಕೊಂಡು, ಮುಖದ ಮೇಲಿನ ಅತ್ಯಂತ ಬಿಳಿಯ ಭಾಗವಾದ ಚುಟ್ಟಿಯ ಮೇಲೆ ಆ ಚಿಕ್ಕ ವೃತ್ತವನ್ನು ಇಟ್ಟೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಇಡುವ ಈ ಚುಟ್ಟಿ ಬೆಳಕನ್ನು ಚೆನ್ನಾಗಿ ಹಿಂತಿರುಗಿಸುತ್ತದೆ. ಮೀಟರು ಹೇಳಿದಂತೆಯೇ ತೆಗೆದರೆ ಅದೂ ಬೂದಾಗುತ್ತದೆ. ಆದ್ದರಿಂದ ಮೀಟರು ತೋರಿದ್ದಕ್ಕಿಂತ ಎರಡು ಸ್ಟಾಪ್ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಟ್ಟೆ. ಬಿಳಿಯು ಬಿಳಿಯಾಗಿಯೇ ಉಳಿದು, ಅದರ ಮುಳ್ಳುಮುಳ್ಳಾದ ಮೈ ಕೂಡ ಕಾಣುವ ಜಾಗ ಅದು. ಫಿಲ್ಮಿನ ಕಾಲದಲ್ಲಿ, 1940ರ ಆಸುಪಾಸಿನಲ್ಲಿ, ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಕಡುಗಪ್ಪಿನಿಂದ ಅಚ್ಚಬಿಳಿಯವರೆಗಿನ ಛಾಯೆಗಳನ್ನು ವಲಯಗಳಾಗಿ ವಿಂಗಡಿಸುವ ಜೋನ್ ಸಿಸ್ಟಮ್‌ನಲ್ಲಿ ನಡುಬೂದು ಐದನೆಯ ವಲಯವಾದರೆ, ನಾನು ಚುಟ್ಟಿಯನ್ನು ಕೂರಿಸುತ್ತಿದ್ದುದು ಏಳನೆಯದರಲ್ಲಿ. ಡಿಜಿಟಲ್ ಸಂವೇದಕದಲ್ಲಿ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ ಸಂವೇದಕ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ನೆರಳನ್ನು ಆಮೇಲೆ ಸ್ವಲ್ಪ ಎತ್ತಬಹುದು, ತುಂಬಿ ಚೆಲ್ಲಿಹೋದ ಬಿಳಿಯನ್ನು ಮರಳಿ ತರಲಾಗದು.

ಹೀಗೆ ಅಳೆದ ಮೇಲೆ ಮ್ಯಾನ್ಯುಯಲ್ ಮೋಡ್‌ನಲ್ಲಿ ಎಲ್ಲವನ್ನೂ ಕಟ್ಟಿಹಾಕಿಬಿಡುತ್ತೇನೆ. ರಂಗಸ್ಥಳದ ದೀಪಗಳು ಅಲ್ಲಾಡುವುದಿಲ್ಲ, ವೇಷ ಮಾತ್ರ ಅಲ್ಲಾಡುತ್ತದೆ. ವೇಷ ಸರಿದಾಗಲೆಲ್ಲ ಮೀಟರು ಮನಸ್ಸು ಬದಲಾಯಿಸಬೇಕಾದ ಕಾರಣವೇ ಇಲ್ಲ. ನಾನು ಹೋಗುವ ಬಯಲಾಟಗಳಲ್ಲಿ ಐಎಸ್‌ಒ 1600, ಎಫ್/2.8, 1/100 ಸೆಕೆಂಡು ಎಂಬುದು ಸಾಮಾನ್ಯವಾಗಿ ಹೊಂದುವ ಲೆಕ್ಕ: ಮೊದಲನೆಯದು ಬೆಳಕಿಗೆ ಸಂವೇದಕದ ಸೂಕ್ಷ್ಮತೆ, ಎರಡನೆಯದು ಲೆನ್ಸಿನ ಕಿಂಡಿಯ ಅಗಲ (ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಮೂರನೆಯದು ಶಟರ್ ತೆರೆದಿರುವ ಕಾಲ. ಈ 1/100ಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದಿದ್ದರೂ 1/500ರಂತಹ ವೇಗದಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಮೂಡುತ್ತವೆ. 1/100 ಅಥವಾ 1/50ಕ್ಕೆ ಇಳಿದರೆ ಮಿನುಗಿನ ಪೂರ್ಣ ಸುತ್ತು ಒಳಗೆ ಸೇರಿ ಪಟ್ಟೆ ಮಾಯವಾಗುತ್ತದೆ. ಇದು ತಿಳಿಯುವವರೆಗೆ ಹಾಳಾದ ಚಿತ್ರಗಳಿಗೆಲ್ಲ ನಾನು ಲೆನ್ಸನ್ನು ಬೈದಿದ್ದೇನೆ. ಫ್ಲ್ಯಾಶ್ ಬಳಸುವುದಿಲ್ಲ. ಕುಣಿಯುವವರ ಕಣ್ಣಿಗೆ ಅದು ಕುಕ್ಕುತ್ತದೆ ಎಂಬುದೊಂದೇ ಕಾರಣ ಸಾಕು.

ಕತ್ತಲಲ್ಲಿ ಕ್ಯಾಮೆರಾದ ಪರದೆಯನ್ನು ನಂಬಬಾರದು ಎಂಬುದನ್ನೂ ನಷ್ಟ ಮಾಡಿಕೊಂಡೇ ಕಲಿತೆ. ಗದ್ದೆಯ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಮಂಕು ಚಿತ್ರವೂ ಪರದೆಯ ಮೇಲೆ ಝಗಮಗಿಸುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಕಾಡಿಗೆ ಬಳಿದಂತಿರುತ್ತದೆ. ಈಗ ಪರದೆಯ ಹೊಳಪನ್ನು ತಗ್ಗಿಸಿ, ಹಿಸ್ಟೋಗ್ರಾಮನ್ನು, ಅಂದರೆ ಚಿತ್ರದಲ್ಲಿ ಕತ್ತಲು ಎಷ್ಟು (ಎಡಕ್ಕೆ), ಬೆಳಕು ಎಷ್ಟು (ಬಲಕ್ಕೆ) ಎಂದು ತೋರಿಸುವ ರೇಖಾಚಿತ್ರವನ್ನು ನೋಡುತ್ತೇನೆ. ಅದರಲ್ಲೂ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಕಾಣುವುದನ್ನು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೇಷಗಳಲ್ಲಿ ಕೆಂಪು ಧಾರಾಳ. ಒಟ್ಟು ಬೆಳಕಿನ ರೇಖೆ ಸರಿಯಿದ್ದಂತೆ ಕಂಡರೂ ಕೆಂಪಿನ ರೇಖೆ ಮಾತ್ರ ಬಲಗೋಡೆಗೆ ಬಡಿದು ನಿಂತಿರುತ್ತದೆ, ಆಗ ಬಟ್ಟೆಯ ಮಡಿಕೆಗಳು ಅಳಿಸಿ ಬರೀ ಕೆಂಪು ಹರವು ಉಳಿಯುತ್ತದೆ. ಹಿಸ್ಟೋಗ್ರಾಮಿನ ಗುಡ್ಡ ನಡುವಿನಲ್ಲಿರಬೇಕು ಎಂದು ಹೊಸಬರಿಗೆ ಹೇಳಿಕೊಡುವುದುಂಟು. ರಾತ್ರಿಯ ಆಟಕ್ಕೆ ಅದು ಹೊಂದದು. ಇಲ್ಲಿ ಗುಡ್ಡವೆಲ್ಲ ಎಡಕ್ಕೇ ಇರಬೇಕು, ಬಲಕ್ಕೆ ಒಂದು ತೆಳುವಾದ ಬಾಲ ಮಾತ್ರ ಚಾಚಿರಬೇಕು.

ಇಷ್ಟಾದ ಮೇಲೆ ಚಿತ್ರಗಳು ಸರಿಯಾದವು, ಆದರೆ ಜಡವಾದವು. ಚೆಂಡೆಯ ಏರುಗತಿಗೆ ಧಿಗಿಣ (ಹಾರಿ ಸುತ್ತುವ ಕುಣಿತ) ಹಾಕುತ್ತಿರುವ ವೇಷ ನನ್ನ ಚಿತ್ರದಲ್ಲಿ ಕಾಲೆತ್ತಿ ನಿಂತ ಗೊಂಬೆಯಾಗಿತ್ತು. ಶಟರ್ ವೇಗವನ್ನು 1/13ಕ್ಕೆ ಇಳಿಸಿ ನೋಡೋಣ ಎನಿಸಿತು. ಮೂರು ಸ್ಟಾಪ್ ಬೆಳಕು ಹೆಚ್ಚುತ್ತದೆಯಾದ್ದರಿಂದ, ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಎಫ್/5.6ಕ್ಕೆ ಕಿರಿದಾಗಿಸಿ ಎರಡನ್ನೂ, ಐಎಸ್‌ಒ 800ಕ್ಕೆ ಇಳಿಸಿ ಉಳಿದೊಂದನ್ನೂ ಕಳೆದೆ. ಚಿತ್ರದ ಒಟ್ಟು ಹೊಳಪಿನ ಲೆಕ್ಕ ಬದಲಾಗಲಿಲ್ಲ, ಚಿತ್ರ ಮಾತ್ರ ಬೇರೆಯೇ ಆಯಿತು: ಸೊಂಟದ ಸುತ್ತಿನ ಬಟ್ಟೆ ಬಣ್ಣದ ಚಕ್ರವಾಯಿತು, ಗೆಜ್ಜೆಯ ಹೊಳಪು ಗೆರೆಯಾಯಿತು. ತೊಂದರೆಯೆಂದರೆ ಮುಖವೂ ಕಲಸಿಹೋಗುತ್ತದೆ. ಧಿಗಿಣದ ನಡುವೆ ಮುಖ ಕ್ಷಣಕಾಲ ಪ್ರೇಕ್ಷಕರತ್ತ ನಿಂತಂತಾಗುವ ಒಂದು ಗಳಿಗೆಯಿದೆ. ಅದು ಎಲ್ಲಿ ಬರುತ್ತದೆಂದು ಕಣ್ಣಿಗಿಂತ ಮೊದಲು ಚೆಂಡೆಯೇ ಹೇಳುತ್ತದೆ. ತಾಳ ತಿಳಿಯದ ನಾನು ನಲವತ್ತು ಸಲ ಕ್ಲಿಕ್ಕಿಸಿದರೆ ಒಂದು ಸಿಗುತ್ತಿತ್ತು. ಈಗ ಹತ್ತಕ್ಕೊಂದು ಸಿಗುತ್ತದೆ.

ಎಲ್ಲಕ್ಕಿಂತ ಕಾಡಿದ್ದು ದೇವಿಮಹಾತ್ಮೆಯ ಮಹಿಷಾಸುರನ ಪ್ರವೇಶ. ಅವನು ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ, ಸಭೆಯ ಹಿಂಬದಿಯಿಂದ ದೊಂದಿಗಳ (ಪಂಜುಗಳ) ನಡುವೆ ಆರ್ಭಟಿಸುತ್ತ ಜನರೊಳಗೆ ನುಗ್ಗಿ ಬರುತ್ತಾನೆ, ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಆಳೆತ್ತರಕ್ಕೆ ಏಳುತ್ತದೆ. ಆ ಅರೆಕ್ಷಣದಲ್ಲಿ ಅಳೆಯಲು ಸಮಯವೆಲ್ಲಿ? ಮೊದಲ ವರ್ಷ ರಂಗಸ್ಥಳದ ಲೆಕ್ಕದಲ್ಲೇ ತೆಗೆದು ಬಿಳಿಯ ಚೆಂಡುಗಳನ್ನಷ್ಟೇ ಪಡೆದೆ. ಮರುವರ್ಷ ಮನೆಯಂಗಳದಲ್ಲಿ ತೆಂಗಿನ ಗರಿಗೆ ಬೆಂಕಿ ಹಚ್ಚಿ, ಜ್ವಾಲೆಯ ಒಳಗಿನ ಹಳದಿ ಪದರಗಳು ಅಳಿಯದಂತೆ ಎಷ್ಟು ಬೆಳಕು ಬೇಕೆಂದು ಮೊದಲೇ ಪರೀಕ್ಷಿಸಿದೆ. ಮನೆಯವರಿಗೆ ಇದರ ಅರ್ಥ ಈಗಲೂ ಆಗಿಲ್ಲ. ಐಎಸ್‌ಒ 800, ಎಫ್/4, 1/250 ಎಂದು ಬಂತು; ರಂಗಸ್ಥಳದ ಲೆಕ್ಕಕ್ಕಿಂತ ಮೂರು ಸ್ಟಾಪ್‌ಗಿಂತ ತುಸು ಹೆಚ್ಚೇ ಕಡಿಮೆ. ರಂಗಸ್ಥಳದ ದೀಪಗಳು ದೂರದಲ್ಲಿದ್ದುದರಿಂದ ಮಿನುಗಿನ ಪಟ್ಟೆಯ ಭಯವೂ ಇರಲಿಲ್ಲ.

ಆ ರಾತ್ರಿ ಮೀಟರನ್ನು ನೋಡಲೇ ಇಲ್ಲ. ಬೆಂಕಿ ಏಳುವ ಮೊದಲು ಚೌಕಟ್ಟಿನಲ್ಲಿ ಏನೂ ಕಾಣದಷ್ಟು ಕತ್ತಲೆ ಇದ್ದುದರಿಂದ ಫೋಕಸ್ಸನ್ನೂ ಅಂದಾಜಿನಿಂದ ಮೊದಲೇ ಹೊಂದಿಸಿ, ದಾರಿಯ ಬದಿಯಲ್ಲಿ ಮೊಣಕಾಲೂರಿ ಕಾದೆ. ರಾಳ ಎರಚಿದಾಗ ಒತ್ತಿದ್ದು ಒಂಬತ್ತು ಚಿತ್ರಗಳು. ಏಳರಲ್ಲಿ ಬೆಂಕಿ ಮಾತ್ರ ಇದೆ, ಒಂದರಲ್ಲಿ ಯಾರದೋ ಮೊಬೈಲು ಅಡ್ಡ ಬಂದಿದೆ. ಉಳಿದೊಂದರಲ್ಲಿ ಮಹಿಷನ ಒಂದು ಕೆನ್ನೆ, ಒಂದು ಕೋಡು, ಎಡಗಣ್ಣಿನ ಸುತ್ತಿನ ಕೆಂಪು ಇಷ್ಟೇ ಬೆಳಕಿಗೆ ಬಂದು, ಮಿಕ್ಕ ಮೈಯೆಲ್ಲ ಕತ್ತಲೊಳಗೇ ಉಳಿದಿದೆ. ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿ ನೋಡಿದೆ. ಹಿಂದೆ ಕುರ್ಚಿಗಳೂ ಸೋಡಾ ಅಂಗಡಿಯೂ ಕಾಣಿಸಿಕೊಂಡವು, ಮತ್ತೆ ಇಳಿಸಿದೆ.

ಹಿರಿಯ ಕಲಾವಿದರಿಗೆ ಇದರದ್ದೂ ಒಂದು ಪ್ರತಿ ಕೊಟ್ಟೆ. ಅವರು ಉಳಿದದ್ದೆಲ್ಲ ಬಿಟ್ಟು, ಕೆನ್ನೆಯಂಚಿನ ಚುಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಎರಡು ಮುಳ್ಳು ಉದುರಿದೆ ನೋಡಿ" ಎಂದರು. ನನಗೆ ಅದು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಜ್ವಾಲೆಯ ಬುಡದಲ್ಲಿ ಕೆಂಪಿನ ರೇಖೆ ಇನ್ನೂ ಬಲಗೋಡೆಗೆ ತಾಗಿರುವುದು ನನಗೆ ಗೊತ್ತು, ಆದ್ದರಿಂದ ಮುಂದಿನ ಮಹಿಷನಿಗೆ ಐಎಸ್‌ಒ 400 ಎಂದು ಚೀಟಿ ಬರೆದು ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.