ರಕ್ತ ಬರುವ ಜಾಗವನ್ನು ಬಿಡಲಿಲ್ಲ, ವಸಡು ಉಳಿಯಿತು

"ವಸಡಲ್ಲಿ ರಕ್ತ ಬರ್ತಿದೆ, ಅಲ್ಲೇ ಬ್ರಷ್ ಆಡಿಸ್ತೀಯಲ್ಲ, ಇರೋ ಹಲ್ಲೂ ಉದುರುತ್ತೆ ನೋಡು" ಅಂತ ಮನೆಯಲ್ಲಿ ಎಲ್ಲರೂ ಹೆದರಿಸಿದ್ದರು. ಈಗ ಎರಡು ವರ್ಷವಾಯಿತು, ರಕ್ತ ನಿಂತಿದೆ. ತಣ್ಣೀರು ಕುಡಿದರೂ ಜುಮ್ ಅನ್ನುವುದಿಲ್ಲ. ಕಳೆದ ಸಲ ಡೆಂಟಿಸ್ಟ್ ವಸಡಿಗೂ ಹಲ್ಲಿಗೂ ನಡುವಿನ ಬಿರುಕಿನ ಆಳ ಅಳೆದಾಗ 5 ಮಿ.ಮೀ. ಆಳವಿದ್ದ ಜಾಗಗಳು 3ಕ್ಕೆ ಬಂದಿದ್ದವು. ಒಂದು ಮಾತ್ರ 4ರಲ್ಲೇ ಕೂತಿದೆ. ನಂಬಿಕೆ ಬರದೆ ಅವರು ಎರಡೆರಡು ಸಲ ಅಳೆದರು!

ಕೆಡಿಸಿಕೊಂಡಿದ್ದೂ ನಾನೇ. ಗಟ್ಟಿ ಎಳೆಯ ಬ್ರಷ್ ಹಿಡಿದು ಗರಗಸ ಎಳೆದ ಹಾಗೆ ವರ್ಷಗಟ್ಟಲೆ ಉಜ್ಜಿದೆ. ವಸಡು ಸರಿದು ಬೇರು ಕಾಣಿಸಿತು, ಜುಮ್ ಅನ್ನಲು ಶುರುವಾಯಿತು. ಆಮೇಲೆ ಹೆದರಿ ಆ ಕಡೆ ಬ್ರಷ್ಷೇ ಹಾಕಲಿಲ್ಲ. ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿತು. ಅದು ಮನೆಯಲ್ಲಿ ಹೋಗುವ ಮಾಲಲ್ಲ.

ದುಡ್ಡು ಹೋಗಿದ್ದು ಎಲ್ಲಿ ಗೊತ್ತಾ? ಸೆನ್ಸಿಟಿವ್ ಪೇಸ್ಟ್ ಐದಾರು ಬಗೆ ತಂದೆ, ನಾಲ್ಕೇ ದಿನಕ್ಕೆ "ಉಪಯೋಗವಿಲ್ಲ" ಅಂತ ಎಸೆದೆ. ಜುಮ್ ಅನ್ನುವುದನ್ನು ತಗ್ಗಿಸುವ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ (ಬಾಯಿಯ ರೋಗಾಣು ಕೊಲ್ಲುವ ದ್ರವ) ಎರಡು ವಾರ ಸಾಕು ಅಂತ ಡೆಂಟಿಸ್ಟ್ ಅಂದಿದ್ದರು, ನಾನು ಜಾಣತನ ಮಾಡಿ ಎರಡು ತಿಂಗಳು ಎಳೆದೆ. ಹಲ್ಲಿಗೆ ಕಂದು ಕಲೆ, ನಾಲಿಗೆಗೆ ರುಚಿಯಿಲ್ಲ. ಕಲೆ ತೆಗೆಸಲು ಮತ್ತೆ ಕ್ಲೀನಿಂಗ್, ಮತ್ತೆ ಖರ್ಚು.

ಕೊನೆಗೆ ಹಿಡಿದ ದಾರಿ ಇದು. ಮೊದಲು ಡೆಂಟಿಸ್ಟ್ ಹತ್ತಿರ ಗಾರೆ ತೆಗೆಸುವ ಕ್ಲೀನಿಂಗ್. ಅದಾದ ಮೇಲೆ ಸುಮಾರು ಒಂದು ವಾರ ಜುಮ್ ಅನ್ನುವುದು ಜಾಸ್ತಿಯೇ ಆಯಿತು. ಅಲ್ಲೇ ಎಷ್ಟೋ ಜನ ಕೈಬಿಡುತ್ತಾರೆ. ನಾನು ಬಿಡಲಿಲ್ಲ. ಮೆತ್ತನೆ ಬ್ರಷ್, ವಸಡಿನ ಅಂಚಿಗೆ 45 ಡಿಗ್ರಿ ಓರೆ, ಒಂದು ಸಲಕ್ಕೆ ಎರಡೇ ಹಲ್ಲು, ಸುಮ್ನೆ ಅಲುಗಾಡಿಸಿದ ಹಾಗೆ. ರಾತ್ರಿ ಹಲ್ಲುಗಳ ಸಂದಿಗೆ ಸಣ್ಣ ಸಂದಿಬ್ರಷ್. ಮೊದಲು ಒಂದೇ ಅಳತೆಯದು ತಂದು ಬಿಗಿ ಸಂದಿಗೂ ತುರುಕಿ ನೋವು ಮಾಡಿಕೊಂಡೆ. ನನ್ನ ಬಾಯಿಗೆ ಎರಡು ಅಳತೆ ಬೇಕಿತ್ತು. ಹತ್ತನೇ ದಿನದ ಹೊತ್ತಿಗೆ ಬೇಸಿನ್‌ನಲ್ಲಿ ಕೆಂಪು ಕಾಣುವುದು ಕಮ್ಮಿಯಾಯಿತು. ಪೇಸ್ಟ್ ಉಗುಳುತ್ತೇನೆ ಅಷ್ಟೇ, ನೀರು ಹಾಕಿ ಮುಕ್ಕಳಿಸುವುದಿಲ್ಲ.

ನಡುವೆ ಒಂದು ತರಲೆ ಪ್ರಯೋಗವನ್ನೂ ಮಾಡಿದೆ. ಮೂರು ವಾರ ಬಲಗಡೆಗೆ ಮಾತ್ರ ಸಂದಿಬ್ರಷ್ ಹಾಕಿ ಎಡಗಡೆ ಬಿಟ್ಟೆ. ಎಡಗಡೆ ಮತ್ತೆ ರಕ್ತ! ಮನೆಯವರಿಗೆ ತೋರಿಸಿದ ಮೇಲೆ ಅವರ ಬಾಯಿ ಮುಚ್ಚಿತು. ಎಡಗೈಯಲ್ಲಿ ಉಜ್ಜಿಯೂ ನೋಡಿದೆ. ಒತ್ತಡ ತಾನಾಗಿ ಕಮ್ಮಿಯಾಗುತ್ತದೆ, ಆದರೆ ಪೇಸ್ಟ್ ಅರ್ಧ ಅಂಗಿಗೆ.

ಕಡೇ ದವಡೆ ಹಲ್ಲಿನ ಹಿಂಭಾಗಕ್ಕೆ ಬ್ರಷ್ ಮುಟ್ಟಿಸಲು ನನ್ನದೇ ಒಂದು ಕೈಚಳಕ ಇದೆ. ಅದನ್ನು ಈಗಲೇ ಹೇಳುವುದಿಲ್ಲ. ಆ 4 ಮಿ.ಮೀ. ಜಾಗ ಇರುವುದೂ ಅಲ್ಲೇ. ಅದು 3ಕ್ಕೆ ಇಳಿಯಲಿ, ಆಮೇಲೆ ನೋಡೋಣ.