ಗರ್ಭ ಎಲ್ಲಿದೆ? ತುರ್ತು ಸ್ಕ್ಯಾನಿಂಗ್ ಮಾಡುವ ಬಗೆ

ಕೊನೆಯ ಮುಟ್ಟಾಗಿ ಏಳು ವಾರ. ಕೆಳಹೊಟ್ಟೆಯಲ್ಲಿ ನೋವು, ಸ್ವಲ್ಪ ರಕ್ತವೂ ಕಂಡಿದೆ. ಹೀಗೆ ತುರ್ತು ವಿಭಾಗಕ್ಕೆ ಬಂದ ಹೆಣ್ಣುಮಗಳ ಹಾಸಿಗೆಯ ಪಕ್ಕಕ್ಕೆ ಸ್ಕ್ಯಾನಿಂಗ್ ಯಂತ್ರ ತಂದಾಗ ವೈದ್ಯರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗರ್ಭ ಗರ್ಭಕೋಶದೊಳಗೇ ಇದೆಯೇ? ಉಳಿದ ಅಳತೆಗಳೆಲ್ಲ ಆಮೇಲೆ.

ಆಕೆ ಬೆವರುತ್ತಿದ್ದರೆ, ತಲೆ ಸುತ್ತಿ ಬಿದ್ದಿದ್ದರೆ ಪ್ರೋಬನ್ನು (ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಹಿಡಿಕೆ) ಮೊದಲು ಬಲ ಪಕ್ಕೆಯ ಮೇಲಿಡಿ. ಯಕೃತ್ತು ಮತ್ತು ಮೂತ್ರಪಿಂಡದ ನಡುವೆ ಕಪ್ಪು ಪಟ್ಟಿ ಕಂಡರೆ ಗರ್ಭ ಗರ್ಭಕೋಶದ ಬದಲು ಗರ್ಭನಾಳದಲ್ಲಿ (ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗುವ ನಾಳ) ನಿಂತು, ಆ ನಾಳ ಒಡೆದು ಸೋರಿದ ರಕ್ತವೆಂದೇ ಭಾವಿಸಿ. ತಕ್ಷಣ ಸ್ತ್ರೀರೋಗ ತಜ್ಞರನ್ನು ಕರೆಸಿ, ರಕ್ತ ಹೊಂದಿಸಿ. ಬೇರೆ ವರದಿಗೆ ಕಾಯುತ್ತ ಕೂರುವಂತಿಲ್ಲ.

ನಾಡಿ, ರಕ್ತದೊತ್ತಡ ಸರಿಯಿದ್ದರೆ ಕೆಳಹೊಟ್ಟೆಗೆ ಜೆಲ್ ಹಚ್ಚಿ, ಪ್ರೋಬನ್ನು ಮೊದಲು ಉದ್ದಕ್ಕೆ, ಬಳಿಕ ಅಡ್ಡಕ್ಕೆ ಹಿಡಿದು ಗರ್ಭಕೋಶವನ್ನು ಅಂಚಿನಿಂದ ಅಂಚಿಗೆ ನೋಡಿ. ಮೂತ್ರಕೋಶ ತುಂಬಿದ್ದರೆ ಹಿಂದಿರುವ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ಸ್ಪಷ್ಟವಾಗದಿದ್ದರೆ ಮೂತ್ರ ಮಾಡಿ ಬರಲು ಹೇಳಿ, ಒಪ್ಪಿಗೆ ಪಡೆದು, ಯೋನಿಯ ಮೂಲಕ ಸ್ಕ್ಯಾನ್ ಮಾಡಬೇಕು. ಅದರಲ್ಲಿ ಸುಮಾರು 5 ವಾರಕ್ಕೆ ಗರ್ಭಚೀಲ, ಐದೂವರೆಗೆ ಯೋಕ್ ಸ್ಯಾಕ್ (ಭ್ರೂಣವನ್ನು ಪೋಷಿಸುವ ಪುಟ್ಟ ಚೀಲ), 6ರ ಹೊತ್ತಿಗೆ ಹೃದಯದ ಮಿಡಿತ ಕಾಣಸಿಗುತ್ತದೆ.

ಇಲ್ಲಿ ಅವಸರ ಬೇಡ. ಗರ್ಭಕೋಶದ ನಡುವೆ ಕಪ್ಪು ಚೀಲವೊಂದು ಕಂಡ ಮಾತ್ರಕ್ಕೆ ನಿಟ್ಟುಸಿರು ಬಿಡಬಾರದು. ಗರ್ಭ ನಾಳದಲ್ಲಿ ನಿಂತಾಗಲೂ ಒಳಗೆ ಹಾಗೆಯೇ ದ್ರವ ತುಂಬಿರಬಹುದು. ಆ ಚೀಲದೊಳಗೆ ಬಿಳಿ ಅಂಚಿನ ಪುಟ್ಟ ಉಂಗುರ, ಅಂದರೆ ಯೋಕ್ ಸ್ಯಾಕ್, ಕಣ್ಣಿಗೆ ಬಿದ್ದರೆ ಗರ್ಭ ಒಳಗಿದೆ ಎನ್ನಬಹುದು. ಮಿಡಿತ ಎಣಿಸಲು ರಕ್ತದ ಹರಿವು ತೋರಿಸುವ ಡಾಪ್ಲರ್ ಬೇಡ, ಮಿಡಿತವನ್ನು ಗೆರೆಯಾಗಿ ತೋರಿಸುವ ಎಂ-ಮೋಡ್ ಸಾಕು. ಎಳೆಯ ಭ್ರೂಣಕ್ಕೆ ತಾಗುವ ಶಕ್ತಿ ಕಡಿಮೆಯಾದಷ್ಟೂ ಒಳ್ಳೆಯದು. ಐವಿಎಫ್ ಮೂಲಕ ಗರ್ಭ ಧರಿಸಿದವರಲ್ಲಿ ಒಳಗೊಂದು, ಹೊರಗೊಂದು ಗರ್ಭ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಅವರಲ್ಲಿ ಅಂಡಾಶಯ, ನಾಳಗಳ ಕಡೆಯೂ ತಜ್ಞರು ಕಣ್ಣಾಡಿಸಲೇಬೇಕು.

ಗರ್ಭಕೋಶ ಖಾಲಿ ಕಂಡರೆ? ಗರ್ಭ ತೀರಾ ಎಳೆಯದಿರಬಹುದು, ಜಾರಿಹೋಗಿರಬಹುದು, ನಾಳದಲ್ಲಿ ಕೂತಿರಬಹುದು. ರಕ್ತದಲ್ಲಿ ಗರ್ಭದ ಹಾರ್ಮೋನ್ ಆದ ಎಚ್‌ಸಿಜಿ ಕಡಿಮೆಯಿದೆ ಎಂದು ನಾಳದ ಗರ್ಭವನ್ನು ತಳ್ಳಿಹಾಕುವುದು ಅಪಾಯಕಾರಿ ತಪ್ಪು. ತಜ್ಞರಿಗೆ ತೋರಿಸಿ, 48 ಗಂಟೆಗಳ ಬಳಿಕ ಎಚ್‌ಸಿಜಿ ಮತ್ತೆ ನೋಡಬೇಕು. ಆರ್‌ಎಚ್ ನೆಗೆಟಿವ್ ರಕ್ತವಾಗಿದ್ದರೆ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆಯೂ ಅವರನ್ನೇ ಕೇಳಿ. ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಗರ್ಭಿಣಿಯ ಸ್ಕ್ಯಾನಿಂಗ್ ವಿವರ ದಾಖಲಿಸುವ ಎಫ್ ನಮೂನೆ ತುಂಬುವುದೂ ಕಡ್ಡಾಯ.

‘ಏನೂ ಕಾಣಲಿಲ್ಲ, ಮನೆಗೆ ಹೋಗಿ’ ಎಂದಷ್ಟೇ ಹೇಳಿ ಆಕೆಯನ್ನು ಕಳುಹಿಸಬೇಡಿ. ನೋವು ಹೆಚ್ಚಾದರೆ, ಕಣ್ಣು ಕತ್ತಲೆ ಬಂದರೆ, ಭುಜದ ತುದಿ ನೋಯತೊಡಗಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಬರಬೇಕೆಂದು ಆಕೆಗೂ ಜೊತೆಯಲ್ಲಿ ಬಂದವರಿಗೂ ಬಿಡಿಸಿ ಹೇಳಿ.